ಔಷಧ ಲೇಪಿಸಿದ ಬಲೂನು ಮತ್ತು ಮೂಕಪ್ರಾಣಿಗಳ ಸಾಕ್ಷ್ಯ

ಊರಿನಿಂದ ಬಂದ ನೆಂಟರೊಬ್ಬರನ್ನು ಹೃದಯದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಹೊರಗಡೆ ಕಾಯುವುದು ಚೆನ್ನೈಯ ಕನ್ನಡ ಮನೆಗಳಿಗೆ ಹೊಸ ಅನುಭವವೇನಲ್ಲ. ರಕ್ತನಾಳದ ಚಿತ್ರ ತೆಗೆದಾದ ಮೇಲೆ ವೈದ್ಯರು ಬಂದು, "ಒಂದು ಕಡೆ ನಾಳ ಕಿರಿದಾಗಿದೆ; ಸ್ಟೆಂಟು ಇಡಬಹುದು, ಇಲ್ಲವೆ ಔಷಧ ಲೇಪಿಸಿದ ಬಲೂನಿನಿಂದಲೇ ಸರಿಪಡಿಸಬಹುದು; ನೀವೇನು ಹೇಳುತ್ತೀರಿ?" ಎಂದು ಕೇಳುತ್ತಾರೆ. ಹತ್ತು ನಿಮಿಷದೊಳಗೆ ಉತ್ತರ ಹೇಳಬೇಕಾದ ಮನೆಯವರಿಗೆ ಬಲೂನೆಂದರೆ ಜಾತ್ರೆಯಲ್ಲಿ ಮಕ್ಕಳಿಗೆ ಕೊಡಿಸುವ ವಸ್ತು. ಅದಕ್ಕೆ ಔಷಧವನ್ನು ಲೇಪಿಸುವುದೇಕೆ, ಅದನ್ನು ಮೊದಲು ಎಲ್ಲಿ ಪರೀಕ್ಷಿಸಿದರು, ಆ ಪರೀಕ್ಷೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಕಲಿಯುವುದಕ್ಕಾಗುವುದಿಲ್ಲ. ಅದಕ್ಕೆ ವಾಚನಾಲಯವೇ ತಕ್ಕ ಸ್ಥಳ.

ಮೊದಲೇ ಒಂದು ಮಾತನ್ನು ಹೇಳಿಬಿಡುವುದು ಒಳ್ಳೆಯದು. ಈ ಬಲೂನಿನ ಮೊದಲ ಪರೀಕ್ಷೆ ನಡೆದದ್ದು ಹಂದಿಗಳ ಹೃದಯದಲ್ಲಿ. ಇದನ್ನು ಕೇಳಿದೊಡನೆ ನಮ್ಮಲ್ಲಿ ಕೆಲವರು ಮುಖ ಸಿಂಡರಿಸುತ್ತಾರೆ, ಕೆಲವರ ಮನಸ್ಸು ಮರುಗುತ್ತದೆ. ಎರಡೂ ಸಹಜವೇ. ಆದರೆ ಮರುಗುವುದರ ಜೊತೆಗೆ, ಆ ಮೂಕಪ್ರಾಣಿ ಏನನ್ನು ಹೇಳಿತು, ಏನನ್ನು ಹೇಳಲಾರದೆ ಹೋಯಿತು ಎಂಬುದನ್ನೂ ತಿಳಿಯತಕ್ಕದ್ದು. ಈ ಪಾಠದ ಉದ್ದೇಶ ಅಷ್ಟೆ.

೧. ನಾಳವು ಕಿರಿದಾಗುವ ಬಗೆ

ಹೃದಯವು ಮುಷ್ಟಿಯಷ್ಟು ಗಾತ್ರದ ಒಂದು ಸ್ನಾಯು. ದಿನವೊಂದಕ್ಕೆ ಸುಮಾರು ಒಂದು ಲಕ್ಷ ಸಲ ಬಡಿದುಕೊಂಡು ಮೈಗೆಲ್ಲ ರಕ್ತವನ್ನು ನೂಕುತ್ತದೆ. ಊರಿಗೆಲ್ಲ ನೀರೆತ್ತುವ ಪಂಪಿಗೂ ತನ್ನದೇ ಆದ ಇಂಧನ ಬೇಕಷ್ಟೆ? ಹಾಗೆಯೇ ಹೃದಯದ ಸ್ನಾಯುವಿಗೆ ಬೇಕಾದ ರಕ್ತವನ್ನು ಒದಗಿಸುವುದಕ್ಕೆ ಮಹಾಧಮನಿಯ ಬುಡದಿಂದಲೇ ಎರಡು ಕವಲುಗಳು ಹೊರಟು, ಹೃದಯವನ್ನು ಕಿರೀಟದಂತೆ ಬಳಸಿಕೊಂಡಿರುತ್ತವೆ. ಇವೇ ಕಿರೀಟ ಧಮನಿಗಳು. ವೈದ್ಯರ ಮಾತಿನಲ್ಲಿ ಕೊರೊನರಿ ಧಮನಿಗಳು. ಇವುಗಳ ಒಳ ಅಗಲ ಹೆಚ್ಚೆಂದರೆ ಮೂರು ನಾಲ್ಕು ಮಿಲಿಮೀಟರು, ಎಂದರೆ ಬರೆಯುವ ಪೆನ್ಸಿಲಿನ ಅರ್ಧದಷ್ಟು.

ವಯಸ್ಸು, ಸಕ್ಕರೆ ಕಾಯಿಲೆ, ಹೊಗೆಬತ್ತಿ, ರಕ್ತದ ಒತ್ತಡ, ಕೊಬ್ಬು, ವಂಶದ ಗುಣ ಇವೇ ಮೊದಲಾದ ಕಾರಣಗಳಿಂದ ಈ ಧಮನಿಗಳ ಗೋಡೆಯೊಳಗೆ ಕೊಬ್ಬೂ ಜೀವಕಣಗಳೂ ಸುಣ್ಣವೂ ಸೇರಿ ಗಂಟುಕಟ್ಟುತ್ತವೆ. ಹಳೆಯ ನೀರಿನ ಕೊಳವೆಯೊಳಗೆ ಉಪ್ಪು ಕಟ್ಟಿದಂತೆ ಎಂದು ಹೇಳುವುದುಂಟು. ಆದರೆ ಈ ಹೋಲಿಕೆ ಪೂರ್ತಿ ಸರಿಯಲ್ಲ. ಕೊಳವೆ ನಿರ್ಜೀವ, ಧಮನಿ ಸಜೀವ. ಕೊಳವೆಯನ್ನು ಉಜ್ಜಿ ತೊಳೆದರೆ ಅದು ಸುಮ್ಮನಿರುತ್ತದೆ; ಧಮನಿಯನ್ನು ಮುಟ್ಟಿದರೆ ಅದು ಪ್ರತಿಕ್ರಿಯೆ ತೋರಿಸುತ್ತದೆ. ಮುಂದಿನ ಕಥೆಯೆಲ್ಲ ಈ ಒಂದು ವ್ಯತ್ಯಾಸದಿಂದ ಹುಟ್ಟಿದ್ದು.

೨. ಬಲೂನಿನ ಹುಟ್ಟು

ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ಚಾರ್ಲ್ಸ್ ಡಾಟರ್ ಎಂಬ ವೈದ್ಯರು ೧೯೬೪ರ ಜನವರಿಯಲ್ಲಿ, ವಯಸ್ಸಾದ ಹೆಂಗಸೊಬ್ಬರ ಕಾಲಿನ ಕಿರಿದಾದ ಧಮನಿಯೊಳಕ್ಕೆ ಒಂದಕ್ಕಿಂತ ಒಂದು ದಪ್ಪನಾದ ನಳಿಕೆಗಳನ್ನು ತೂರಿಸಿ ದಾರಿ ಬಿಡಿಸಿದರು. ಜ್ಯೂರಿಕ್ ನಗರದಲ್ಲಿದ್ದ ಆಂಡ್ರಿಯಾಸ್ ಗ್ರುಂಟ್ಸಿಗ್ ಎಂಬ ತರುಣ ವೈದ್ಯರು ಇದನ್ನು ಸುಧಾರಿಸಿ, ನಳಿಕೆಯ ತುದಿಗೆ ಸಣ್ಣ ಬಲೂನನ್ನು ಕೂಡಿಸಿದರು. ಅವರ ಮೊದಲ ಬಲೂನುಗಳು ತಯಾರಾದದ್ದು ಅವರ ಮನೆಯ ಅಡಿಗೆಕೋಣೆಯ ಮೇಜಿನ ಮೇಲೆ. ಆದರೆ ಕಾಲಿನ ಧಮನಿ ಬೇರೆ, ಬಡಿದುಕೊಳ್ಳುತ್ತಿರುವ ಹೃದಯದ ಧಮನಿ ಬೇರೆ. ಆದುದರಿಂದ ಅವರು ಮೊದಲು ನಾಯಿಗಳ ಹೃದಯದ ಧಮನಿಗೆ ದಾರದಿಂದ ಬಿಗಿದು ಕೃತಕವಾಗಿ ಕಿರಿದುಮಾಡಿ, ಬಲೂನಿನಿಂದ ಅದನ್ನು ಅಗಲಿಸಿ ನೋಡಿದರು. ೧೯೭೬ರಲ್ಲಿ ಅಮೆರಿಕದ ಹೃದ್ರೋಗ ತಜ್ಞರ ಸಮ್ಮೇಳನದಲ್ಲಿ ಆ ಫಲಿತಾಂಶವನ್ನು ಮುಂದಿಟ್ಟರು. ೧೯೭೭ರ ಸೆಪ್ಟೆಂಬರ್ ೧೬ರಂದು ಜ್ಯೂರಿಕ್‌ನಲ್ಲಿ ೩೮ ವರ್ಷದ ರೋಗಿಯೊಬ್ಬರಿಗೆ ಎದೆ ಕೊಯ್ಯದೆಯೇ ಮೊದಲ ಸಲ ಈ ಚಿಕಿತ್ಸೆ ನಡೆಯಿತು.

ಈ ವಿದ್ಯೆ ನಮ್ಮ ದೇಶಕ್ಕೆ ಬಂದದ್ದೂ ಬಹಳ ತಡವಾಗಿಯೇನಲ್ಲ. ಗ್ರುಂಟ್ಸಿಗ್ ಅವರಲ್ಲಿ ಕಲಿತು ಬಂದ ಡಾಕ್ಟರ್ ಮ್ಯಾಥ್ಯೂ ಸ್ಯಾಮ್ಯುಯೆಲ್ ಕಳರಿಕ್ಕಲ್ ಅವರು ೧೯೮೬ರಲ್ಲಿ ಭಾರತದ ಮೊದಲ ಕೊರೊನರಿ ಆಂಜಿಯೊಪ್ಲಾಸ್ಟಿಯನ್ನು ಮಾಡಿದವರೆಂದು ಹೆಸರಾದರು. ಚೆನ್ನೈಯ ಅಪೋಲೋ ಆಸ್ಪತ್ರೆಯಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿ, ಅನೇಕ ವೈದ್ಯರಿಗೆ ಈ ಕೆಲಸವನ್ನು ಕಲಿಸಿ, ೨೦೨೫ರ ಏಪ್ರಿಲಿನಲ್ಲಿ ಇಲ್ಲಿಯೇ ತೀರಿಕೊಂಡರು. ಈ ೧೯೮೬ನೆಯ ಇಸವಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಮತ್ತೊಮ್ಮೆ ಬರುತ್ತದೆ.

೩. ತೆರೆದ ದಾರಿ ಮತ್ತೆ ಮುಚ್ಚುವುದು

ಬಲೂನನ್ನು ಉಬ್ಬಿಸಿದಾಗ ಗಂಟು ಕರಗಿಹೋಗುವುದಿಲ್ಲ. ಬಿರುಕು ಬಿಟ್ಟು ಗೋಡೆಯ ಕಡೆಗೆ ಒತ್ತಿಕೊಳ್ಳುತ್ತದೆ. ಎಂದರೆ ಚಿಕಿತ್ಸೆಯೇ ಒಂದು ಬಗೆಯ ಗಾಯ. ಸಜೀವವಾದ ಧಮನಿ ಆ ಗಾಯವನ್ನು ಮಾಯಿಸಿಕೊಳ್ಳಲು ಹೊರಡುತ್ತದೆ. ಹಿಗ್ಗಿದ ಗೋಡೆ ರಬ್ಬರಿನಂತೆ ಸ್ವಲ್ಪ ಕುಗ್ಗುತ್ತದೆ. ಗೋಡೆಯ ಸ್ನಾಯುಕಣಗಳು ಬೇಕಾದುದಕ್ಕಿಂತ ಹೆಚ್ಚಾಗಿ ಬೆಳೆದು ಒಳಗಡೆ ಹೊಸ ಪದರವನ್ನು ಕಟ್ಟುತ್ತವೆ. ಮೈಮೇಲಿನ ಗಾಯ ಮಾಯ್ದ ಮೇಲೆ ಕೆಲವರಿಗೆ ಉಬ್ಬಿದ ಕಲೆ ಉಳಿಯುವುದಿಲ್ಲವೆ? ಇದೂ ಹಾಗೆಯೇ. ಬರಿಯ ಬಲೂನಿನ ಕಾಲದಲ್ಲಿ ಹತ್ತು ಮಂದಿಯಲ್ಲಿ ಮೂರು ನಾಲ್ಕು ಮಂದಿಗೆ ಆರು ತಿಂಗಳ ಸುಮಾರಿಗೆ ನಾಳ ಮತ್ತೆ ಕಿರಿದಾಗುತ್ತಿತ್ತು.

೧೯೮೬ರಲ್ಲಿ ಫ್ರಾನ್ಸಿನ ತುಲೂಸ್ ನಗರದಲ್ಲಿ ಮೊದಲ ಸಲ ಮನುಷ್ಯನ ಹೃದಯದ ಧಮನಿಯಲ್ಲಿ ಸ್ಟೆಂಟನ್ನು, ಎಂದರೆ ಲೋಹದ ಬಲೆಯ ಕೊಳವೆಯನ್ನು, ಇಟ್ಟರು. ಬಾವಿಗೆ ಕಟ್ಟಿದ ಉಂಗುರದಂತೆ ಅದು ಗೋಡೆ ಕುಸಿಯದ ಹಾಗೆ ನೋಡಿಕೊಂಡಿತು. ಆದರೆ ಬಲೆಯ ಕಣ್ಣುಗಳ ನಡುವಿನಿಂದ ಸ್ನಾಯುಕಣಗಳು ಬೆಳೆದು ಬರುವುದು ತಪ್ಪಲಿಲ್ಲ. ಬಳಿಕ ಸ್ಟೆಂಟಿಗೇ ಔಷಧವನ್ನು ಹಚ್ಚಿ, ವಾರಗಟ್ಟಲೆ ನಿಧಾನವಾಗಿ ಒಸರುವಂತೆ ಮಾಡಿದರು. ಅದರಿಂದ ತೊಂದರೆ ಬಹಳ ಕಡಮೆಯಾಯಿತು. ಆದರೂ ಎರಡು ಚಿಂತೆಗಳು ಉಳಿದವು. ಲೋಹವು ಜೀವಮಾನವಿಡೀ ಒಳಗೇ ಇರುತ್ತದೆ. ಅದರ ಮೇಲೆ ರಕ್ತ ಹೆಪ್ಪುಗಟ್ಟದಂತೆ ತಿಂಗಳುಗಟ್ಟಲೆ ಎರಡೆರಡು ಮಾತ್ರೆಗಳನ್ನು ನುಂಗಬೇಕು. ಆ ಸ್ಟೆಂಟಿನೊಳಗೇ ನಾಳ ಮತ್ತೆ ಕಿರಿದಾದರೆ, ಲೋಹದೊಳಗೆ ಇನ್ನೊಂದು ಲೋಹವನ್ನು ಇಡುವುದೇ ಎಂಬುದು ಎರಡನೆಯ ಚಿಂತೆ.

ಬಲೂನಿಗೇ ಔಷಧವನ್ನು ಹಚ್ಚಿ, ಅದನ್ನು ಗೋಡೆಗೆ ಒತ್ತಿ, ಬಲೂನನ್ನು ಹೊರಕ್ಕೆ ತೆಗೆದುಬಿಟ್ಟರೆ ಹೇಗೆ? ಔಷಧ ಮಾತ್ರ ಉಳಿಯಲಿ, ಲೋಹ ಬೇಡ. ಯೋಚನೆ ಸರಳ. ಕಷ್ಟವಿರುವುದು ಕಾಲದಲ್ಲಿ. ಸ್ಟೆಂಟಿಗೆ ಔಷಧ ಕೊಡಲು ವಾರಗಳಿವೆ. ಬಲೂನಿಗೆ ಸಿಗುವುದು ಅರ್ಧದಿಂದ ಒಂದು ನಿಮಿಷ. ಅಷ್ಟು ಹೊತ್ತಿಗಿಂತ ಹೆಚ್ಚಾಗಿ ಹೃದಯದ ರಕ್ತವನ್ನು ತಡೆದಿಡುವಂತಿಲ್ಲ.

೪. ಎರಡು ಔಷಧಗಳು

ಇಂತಹ ಬಲೂನಿಗೆ ಮುಖ್ಯವಾಗಿ ಎರಡು ಔಷಧಗಳನ್ನು ಉಪಯೋಗಿಸುತ್ತಾರೆ. ಎರಡರ ಹಿಂದೆಯೂ ಭಾರತೀಯರ ಹೆಸರಿರುವುದು ನಮಗೆ ಸಂತೋಷದ ವಿಷಯ. ಪ್ಯಾಕ್ಲಿಟ್ಯಾಕ್ಸೆಲ್ ಎಂಬುದು ಅಮೆರಿಕದ ಪಶ್ಚಿಮ ಕರಾವಳಿಯ ಯೂ ಮರದ ತೊಗಟೆಯಿಂದ ದೊರೆತದ್ದು. ಮನ್ರೋ ವಾಲ್ ಮತ್ತು ಮನ್ಸುಖ್ ವಾಣಿ ಎಂಬ ರಸಾಯನಶಾಸ್ತ್ರಜ್ಞರು ೧೯೭೧ರಲ್ಲಿ ಅದರ ರಚನೆಯನ್ನು ಪ್ರಕಟಿಸಿದರು. ಅದು ಅರ್ಬುದ ರೋಗದ ಔಷಧವಾಗಿ ಪ್ರಸಿದ್ಧವಾಯಿತು. ಸಿರೋಲಿಮಸ್ ಎಂಬುದು ಶಾಂತಸಾಗರದ ಈಸ್ಟರ್ ದ್ವೀಪದ ಮಣ್ಣಿನ ಸೂಕ್ಷ್ಮಜೀವಿಯಿಂದ ಬಂದದ್ದು; ಕೆನಡಾದಲ್ಲಿದ್ದ ಸುರೇಂದ್ರನಾಥ ಸೆಹಗಲ್ ಅವರೂ ಅವರ ಜೊತೆಗಾರರೂ ಅದನ್ನು ಬೇರ್ಪಡಿಸಿ ೧೯೭೫ರಲ್ಲಿ ಪ್ರಕಟಿಸಿದರು. ಎರಡೂ ಜೀವಕಣಗಳು ಒಂದು ಎರಡಾಗಿ ಬೆಳೆಯುವುದನ್ನು ತಡೆಯತಕ್ಕವು.

ಪ್ಯಾಕ್ಲಿಟ್ಯಾಕ್ಸೆಲ್ ಕೊಬ್ಬಿಗೆ ಬೇಗ ಅಂಟಿಕೊಳ್ಳುವ ಸ್ವಭಾವದ್ದು. ಜರ್ಮನಿಯ ಬ್ರೂನೋ ಶೆಲ್ಲರ್ ಮತ್ತು ಉಲ್ರಿಖ್ ಶ್ಪೆಕ್ ಎಂಬವರು ಅದನ್ನು, ಕ್ಷಕಿರಣ ಚಿತ್ರಕ್ಕಾಗಿ ರಕ್ತಕ್ಕೆ ಸೇರಿಸುವ ಅಯೋಪ್ರೊಮೈಡ್ ಎಂಬ ದ್ರವ್ಯದ ಜೊತೆಗೆ ಬೆರೆಸಿ ಬಲೂನಿಗೆ ಲೇಪಿಸಿದರು. ಪ್ರಮಾಣ, ಬಲೂನಿನ ಮೈಯ ಒಂದು ಚದರ ಮಿಲಿಮೀಟರಿಗೆ ೩ ಮೈಕ್ರೊಗ್ರಾಂ. ವೀಳ್ಯದೆಲೆಗೆ ಸುಣ್ಣ ಸವರುವವರಿಗೆ ಇದರ ಮರ್ಮ ಗೊತ್ತು. ಕಡಮೆಯಾದರೆ ಎಲೆ ರುಚಿಸದು, ಹೆಚ್ಚಾದರೆ ಬಾಯಿ ಸುಡುತ್ತದೆ, ಒಂದೇ ಕಡೆ ಮುದ್ದೆಯಾದರೆ ಎರಡು ತೊಂದರೆಯೂ ಉಂಟು. ಬಲೂನಿನ ಲೇಪವೂ ಹಾಗೆಯೇ. ಮಡಚಿದ ಕೊಡೆಯಂತೆ ಸುತ್ತಿಕೊಂಡು ನಾಳದಲ್ಲಿ ಸಾಗುವಾಗ ರಕ್ತದಲ್ಲಿ ತೊಳೆದುಹೋಗಬಾರದು. ತಲಪಿ ಅರಳಿದಾಗ ಮಾತ್ರ ಗೋಡೆಗೆ ಅಂಟಬೇಕು. ಚೂರುಚೂರಾಗಿ ಉದುರಿ ಮುಂದಿನ ಸಣ್ಣ ನಾಳಗಳನ್ನು ಕಟ್ಟಬಾರದು. ಇದನ್ನೆಲ್ಲ ಕಾಗದದ ಮೇಲೆ ಲೆಕ್ಕಹಾಕಿ ನಿಶ್ಚಯಿಸುವಂತಿರಲಿಲ್ಲ.

೫. ಹಂದಿಯೇ ಏಕೆ?

ಇಲಿಯ ಧಮನಿಯೊಳಕ್ಕೆ ಮೂರು ಮಿಲಿಮೀಟರಿನ ಬಲೂನು ಹೋಗದು. ಮೊಲದ ಕಾಲಿನ ಕಡೆಯ ಧಮನಿಯಲ್ಲಿ ಗಾಯ ಮಾಯುವ ಬಗೆಯನ್ನು ನೋಡಬಹುದು. ಆದರೆ ಅದು ಹೃದಯವಲ್ಲ. ನಾಯಿಯ ಹೃದಯದಲ್ಲಿ ಒಂದು ಧಮನಿ ಮುಚ್ಚಿದರೆ ಪಕ್ಕದಿಂದ ರಕ್ತ ತರುವ ಅಡ್ಡದಾರಿಗಳು ಹುಟ್ಟಿನಿಂದಲೇ ಬಹಳ, ಮನುಷ್ಯನಲ್ಲಿ ಹಾಗಿಲ್ಲ. ಹಂದಿಯ ಹೃದಯವು ಗಾತ್ರದಲ್ಲಿಯೂ, ಧಮನಿಗಳ ಹಂಚಿಕೆಯಲ್ಲಿಯೂ, ಅಡ್ಡದಾರಿಗಳು ಕಡಮೆಯಿರುವುದರಲ್ಲಿಯೂ ನಮ್ಮದಕ್ಕೆ ಬಹಳ ಹತ್ತಿರ. ಮೇಲಾಗಿ ಮನುಷ್ಯನಲ್ಲಿ ಆರು ತಿಂಗಳಲ್ಲಿ ಆಗುವ ಬೆಳವಣಿಗೆ ಹಂದಿಯಲ್ಲಿ ಸುಮಾರು ನಾಲ್ಕು ವಾರದಲ್ಲಿಯೇ ಕಾಣುತ್ತದೆ. ಗೋಡೆಗೆ ಆದ ಗಾಯ ಆಳವಾದಷ್ಟೂ ಹೊಸ ಪದರ ದಪ್ಪವಾಗುತ್ತದೆ ಎಂಬುದನ್ನು ಅಮೆರಿಕದ ರಾಬರ್ಟ್ ಶ್ವಾರ್ಟ್ಸ್ ಮೊದಲಾದವರು ೧೯೯೨ರಲ್ಲಿ ಹಂದಿಗಳಲ್ಲಿ ಅಳೆದು ತೋರಿಸಿದರು. ಎಂದರೆ, ಅಳತೆಗೋಲು ಆಗಲೇ ಸಿದ್ಧವಾಗಿತ್ತು.

ಪರೀಕ್ಷೆಯ ಕ್ರಮ ಹೀಗಿರುತ್ತದೆ. ಪ್ರಾಣಿಗೆ ಪೂರ್ತಿ ಪ್ರಜ್ಞೆ ತಪ್ಪಿಸಿ, ರಕ್ತ ಹೆಪ್ಪುಗಟ್ಟದಂತೆ ಔಷಧ ಕೊಟ್ಟು, ಕಾಲಿನ ಇಲ್ಲವೆ ಕುತ್ತಿಗೆಯ ಧಮನಿಯ ಮೂಲಕ ನಳಿಕೆಯನ್ನು ಕಳಿಸಿ, ನಾಳದ ಅಗಲಕ್ಕಿಂತ ಸ್ವಲ್ಪ ದೊಡ್ಡದಾದ ಬಲೂನನ್ನು ಉಬ್ಬಿಸುತ್ತಾರೆ. ಕೆಲವು ಧಮನಿಗಳಿಗೆ ಬರಿಯ ಬಲೂನು, ಕೆಲವಕ್ಕೆ ಔಷಧದ ಬಲೂನು. ಪ್ರಾಣಿ ಎಚ್ಚತ್ತು ಎಂದಿನಂತೆ ತಿಂದುಕೊಂಡಿರುತ್ತದೆ. ಗೊತ್ತುಮಾಡಿದ ದಿನ ಮತ್ತೆ ಪ್ರಜ್ಞೆ ತಪ್ಪಿಸಿ ಚಿತ್ರ ತೆಗೆದು, ನೋವಿಲ್ಲದೆ ಕೊನೆಗಾಣಿಸಿ, ಧಮನಿಯನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಔಷಧ ಗೋಡೆಯಲ್ಲಿ ಎಷ್ಟು ಉಳಿಯಿತು, ಹೊಸ ಪದರ ಎಷ್ಟು ದಪ್ಪ, ಒಳಮೈಯ ನಯವಾದ ಹೊದಿಕೆ ತಿರುಗಿ ಬೆಳೆಯಿತೆ, ಮುಂದಿನ ಹೃದಯಸ್ನಾಯುವಿನಲ್ಲಿ ಉದುರಿದ ಲೇಪ ಸಿಕ್ಕಿಕೊಂಡಿದೆಯೆ, ಎರಡು ಮೂರು ಪಾಲು ಹೆಚ್ಚು ಕೊಟ್ಟರೆ ಗೋಡೆ ಕೆಡುತ್ತದೆಯೆ ಎಂಬ ಪ್ರಶ್ನೆಗಳಿಗೆ ಉತ್ತರ ಸಿಗುವುದು ಅಲ್ಲಿಯೇ. ಜೀವಂತ ರೋಗಿಯಲ್ಲಿ ಇವನ್ನು ಯಾರೂ ನೋಡುವಂತಿಲ್ಲ.

ಶೆಲ್ಲರ್ ಮತ್ತು ಅವರ ಸಂಗಡಿಗರು ೨೦೦೪ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹಂದಿಗಳ ಧಮನಿಗಳಲ್ಲಿ ೪೦ ಸ್ಟೆಂಟುಗಳನ್ನು ಇಟ್ಟು, ಬರಿಯ ಬಲೂನನ್ನೂ ಬೇರೆಬೇರೆ ಬಗೆಯ ಲೇಪದ ಬಲೂನುಗಳನ್ನೂ ಹೋಲಿಸಿದರು. ಐದು ವಾರಗಳ ತರುವಾಯ ನೋಡಿದಾಗ, ಔಷಧದ ಬಲೂನು ತಾಕಿದ ಕಡೆ ಹೊಸ ಪದರದ ವಿಸ್ತಾರ ಶೇಕಡ ೬೩ರವರೆಗೆ ಕಡಮೆಯಾಗಿತ್ತು. ಒಳಹೊದಿಕೆ ಬೆಳೆಯುವುದಕ್ಕೆ ಅಡ್ಡಿಯಾಗಿರಲಿಲ್ಲ. ಒಂದು ನಿಮಿಷದ ಸ್ಪರ್ಶ ಐದು ವಾರ ಕೆಲಸ ಮಾಡೀತೆ ಎಂದು ಸಂಶಯಪಟ್ಟವರಿಗೆ ಇದೇ ಮೊದಲ ಉತ್ತರ.

೬. ಸಾಕ್ಷ್ಯದ ಮಿತಿ

ಇಷ್ಟನ್ನು ಓದಿ, "ಹಂದಿಯಲ್ಲಿ ಫಲಿಸಿತು, ಇನ್ನು ಮನುಷ್ಯನಲ್ಲಿಯೂ ಫಲಿಸಿತೆಂದೇ ಲೆಕ್ಕ" ಎಂದು ವಾಚಕರು ತೀರ್ಮಾನಿಸಬಾರದು. ಹಿಂದೊಮ್ಮೆ ಹಾಗೆಂದು ನಂಬಿ ನಿರಾಶೆಗೊಂಡದ್ದುಂಟು. ೧೯೮೯ರಲ್ಲಿ ರಕ್ತದೊತ್ತಡದ ಗುಂಪಿಗೆ ಸೇರಿದ ಸಿಲಾಜಪ್ರಿಲ್ ಎಂಬ ಔಷಧವು ಇಲಿಗಳ ಕತ್ತಿನ ಧಮನಿಯಲ್ಲಿ ಹೊಸ ಪದರವನ್ನು ಚೆನ್ನಾಗಿ ತಡೆಯಿತೆಂದು ಕಂಡುಬಂದಿತು. ಅದನ್ನು ನಂಬಿ ಯೂರೋಪಿನಲ್ಲಿ ನೂರಾರು ರೋಗಿಗಳಿಗೆ ಕೊಟ್ಟು ನೋಡಿದರು. ೧೯೯೨ರಲ್ಲಿ ಫಲಿತಾಂಶ ಬಂದಾಗ ಏನೂ ಪ್ರಯೋಜನ ಕಾಣಲಿಲ್ಲ. ತೂಕಕ್ಕೆ ಹೋಲಿಸಿದರೆ ಇಲಿಗೆ ಕೊಟ್ಟ ಪ್ರಮಾಣ ಬಹಳ ದೊಡ್ಡದು. ಮೇಲಾಗಿ ಇಲಿಯ ಧಮನಿ ರೋಗವಿಲ್ಲದ ಧಮನಿ.

ಹಂದಿಯ ಸಾಕ್ಷ್ಯಕ್ಕೂ ಈ ಕೊರತೆಯುಂಟು. ಪ್ರಯೋಗಕ್ಕೆ ಬರುವುದು ಸಾಮಾನ್ಯವಾಗಿ ಎಳೆಯ, ಆರೋಗ್ಯವಾದ ಹಂದಿ. ಅದರ ಧಮನಿಯಲ್ಲಿ ನಲವತ್ತು ವರ್ಷದ ಕೊಬ್ಬಿಲ್ಲ, ಕಲ್ಲಿನಂತೆ ಗಟ್ಟಿಯಾದ ಸುಣ್ಣವಿಲ್ಲ, ಸಕ್ಕರೆ ಕಾಯಿಲೆಯಿಲ್ಲ. ಆದುದರಿಂದ ಹಂದಿಯ ಸಾಕ್ಷ್ಯವನ್ನು ಹೀಗೆ ಗ್ರಹಿಸತಕ್ಕದ್ದು: "ಇದು ಕೇಡು ಮಾಡುತ್ತದೆ" ಎಂದು ಅದು ಹೇಳಿದರೆ ಅಲ್ಲಿಯೇ ನಿಲ್ಲಿಸಬೇಕು, "ಇದು ಒಳ್ಳೆಯದು ಮಾಡುತ್ತದೆ" ಎಂದು ಹೇಳಿದರೆ, ಮನುಷ್ಯರಲ್ಲಿ ಎಚ್ಚರಿಕೆಯಿಂದ ವಿಚಾರಿಸಲು ಅನುಮತಿ ಸಿಕ್ಕಿತೆಂದು ಮಾತ್ರ ತಿಳಿಯಬೇಕು.

ಈ ಬಲೂನಿನ ವಿಷಯದಲ್ಲಿ ಆ ವಿಚಾರಣೆಯೂ ನಡೆಯಿತು. ೨೦೦೬ರಲ್ಲಿ ಪ್ರಕಟವಾದ ಮೊದಲ ಪರೀಕ್ಷೆಯಲ್ಲಿ ೫೨ ರೋಗಿಗಳಿದ್ದರು. ಅವರೆಲ್ಲರಿಗೂ ಹಳೆಯ ಸ್ಟೆಂಟಿನೊಳಗೆ ನಾಳ ಕಿರಿದಾಗಿತ್ತು. ಆರು ತಿಂಗಳ ಮೇಲೆ ಚಿತ್ರ ತೆಗೆದಾಗ, ಬರಿಯ ಬಲೂನಿನ ೨೩ ಮಂದಿಯಲ್ಲಿ ೧೦ ಮಂದಿಗೆ, ಔಷಧದ ಬಲೂನಿನ ೨೨ ಮಂದಿಯಲ್ಲಿ ಒಬ್ಬರಿಗೆ ಮಾತ್ರ ನಾಳ ಮತ್ತೆ ಕಿರಿದಾಗಿತ್ತು. ಅಮೆರಿಕದಲ್ಲಿ ೬೦೦ ಮಂದಿಯ ಪರೀಕ್ಷೆಯ ಬಳಿಕ ೨೦೨೪ರ ಮಾರ್ಚಿಯಲ್ಲಿ ಇಂತಹ ಮೊದಲ ಹೃದಯದ ಬಲೂನಿಗೆ ಅಲ್ಲಿನ ಸರ್ಕಾರ ಒಪ್ಪಿಗೆ ಕೊಟ್ಟಿತು. ಒಂದು ವರ್ಷದೊಳಗೆ ಮತ್ತೆ ತೊಂದರೆಯಾದವರು ಬರಿಯ ಬಲೂನಿನಲ್ಲಿ ಶೇಕಡ ೨೮.೬, ಔಷಧದ ಬಲೂನಿನಲ್ಲಿ ಶೇಕಡ ೧೭.೯.

ಹಾಗೆಂದು ಎಲ್ಲ ಕಡೆಗೂ ಬಲೂನೇ ಮೇಲೆನ್ನುವಂತಿಲ್ಲ. ಸಣ್ಣ ಧಮನಿಗಳಲ್ಲಿ ಅದು ಔಷಧದ ಸ್ಟೆಂಟಿಗೆ ಸಮನಾಗಿ ನಿಂತದ್ದು ೨೦೧೮ರ ಒಂದು ಪರೀಕ್ಷೆಯಲ್ಲಿ ಕಂಡಿತು. ಆದರೆ ೨೦೨೪ರಲ್ಲಿ ಚೀನಾದಿಂದ ಬಂದ, ಎರಡು ಸಾವಿರಕ್ಕೂ ಮಿಕ್ಕ ರೋಗಿಗಳ ಪರೀಕ್ಷೆಯಲ್ಲಿ, ಹಿಂದೆ ಚಿಕಿತ್ಸೆಯಾಗದ ಸಾಮಾನ್ಯ ಧಮನಿಗಳಿಗೆ ಸ್ಟೆಂಟೇ ಮೇಲಾಯಿತು. ಸಿರೋಲಿಮಸ್ ಔಷಧವು ಗೋಡೆಗೆ ಅಷ್ಟು ಬೇಗ ಅಂಟದು. ಅದನ್ನು ಅತಿಸೂಕ್ಷ್ಮ ಕಣಗಳಲ್ಲಿ ಹುದುಗಿಸಿ ಬಲೂನಿಗೆ ಹಚ್ಚುವ ಉಪಾಯವನ್ನು ನಮ್ಮ ದೇಶದ ಸೂರತ್ ನಗರದ ಸಂಸ್ಥೆಯೊಂದು ಬೆಳೆಸಿದೆ. ಒಂದು ಔಷಧದ ಬಲೂನಿಗೆ ದೊರೆತ ಸಾಕ್ಷ್ಯವನ್ನು ಇನ್ನೊಂದಕ್ಕೆ ಹಾಗೆಯೇ ಅಂಟಿಸಿಬಿಡಬಾರದು. ಲೇಪ ಬದಲಾದರೆ ಬಲೂನೇ ಬದಲಾದಂತೆ.

೭. ಇದೇ ಊರಿನ ಇನ್ನೊಂದು ಕಥೆ

ಇನ್ನು, ಪ್ರಾಣಿಗಳ ಕಡೆಯಿಂದ ಮಾತನಾಡುವವರು ಯಾರು? ಅದರ ಕಥೆಯೂ ಈ ಊರಿನದೇ. ಕಲಾಕ್ಷೇತ್ರದ ಸ್ಥಾಪಕಿ ರುಕ್ಮಿಣೀದೇವಿ ಅರುಂಡೇಲ್ ಅವರು ೧೯೫೨ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡು, ಪ್ರಾಣಿಗಳ ಹಿಂಸೆಯನ್ನು ತಡೆಯುವುದಕ್ಕೆ ತಾವಾಗಿಯೇ ಮಸೂದೆಯನ್ನು ತಂದರು. ಸರ್ಕಾರವೇ ಕಾನೂನು ಮಾಡುವುದೆಂಬ ಭರವಸೆ ದೊರೆತ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಅದರ ಫಲವೇ ೧೯೬೦ರ ಪ್ರಾಣಿಹಿಂಸಾ ನಿವಾರಣ ಕಾಯಿದೆ. ೧೯೬೨ರಲ್ಲಿ ಪ್ರಾಣಿ ಕಲ್ಯಾಣ ಮಂಡಲಿ ಸ್ಥಾಪನೆಯಾದಾಗ ಅವರೇ ಅಧ್ಯಕ್ಷೆಯಾಗಿ, ೧೯೮೬ರಲ್ಲಿ ತೀರಿಕೊಳ್ಳುವವರೆಗೆ ಅದನ್ನು ನಡೆಸಿದರು. ಭಾರತದಲ್ಲಿ ಬಲೂನಿನ ಚಿಕಿತ್ಸೆ ಆರಂಭವಾದ ವರ್ಷವೂ ಅದೇ. ಮಂಡಲಿಯ ಕಚೇರಿ ಬಹುಕಾಲ ಚೆನ್ನೈಯಲ್ಲಿಯೇ ಇದ್ದು, ೨೦೧೮ರಲ್ಲಿ ಹರಿಯಾಣಕ್ಕೆ ಹೋಯಿತು.

ಆ ಕಾಯಿದೆ ಪ್ರಾಣಿಗಳ ಮೇಲಿನ ಪ್ರಯೋಗವನ್ನು ಪೂರ್ತಿ ನಿಷೇಧಿಸಲಿಲ್ಲ. ಅದಕ್ಕೆ ಕಡಿವಾಣ ಹಾಕಿತು. ಬೇರೆ ದಾರಿಯಿದ್ದರೆ ಪ್ರಾಣಿಯನ್ನು ಉಪಯೋಗಿಸಬಾರದು; ಸಣ್ಣ ಪ್ರಾಣಿಯಿಂದ ಅದೇ ಫಲ ಸಿಗುವುದಾದರೆ ದೊಡ್ಡದನ್ನು ಮುಟ್ಟಬಾರದು; ಪ್ರಜ್ಞೆ ತಪ್ಪಿಸದೆ ಕೊಯ್ಯಬಾರದು; ಎಚ್ಚತ್ತರೆ ಬಹಳ ಸಂಕಟಪಡುವ ಸ್ಥಿತಿಯಿದ್ದರೆ ಎಚ್ಚರವಾಗುವುದಕ್ಕೆ ಮೊದಲೇ ಕೊನೆಗಾಣಿಸಬೇಕು; ಬರಿಯ ಕೈಚಳಕ ಕಲಿಯುವುದಕ್ಕಾಗಿ ಪ್ರಯೋಗ ಕೂಡದು. "ಹಂದಿಯೇ ಏಕೆ?" ಎಂಬ ನಮ್ಮ ಹಿಂದಿನ ಪ್ರಶ್ನೆ ಕೇವಲ ಕುತೂಹಲದ್ದಲ್ಲ, ಕಾನೂನೇ ಕೇಳುವ ಪ್ರಶ್ನೆ. ೧೯೯೮ರ ನಿಯಮಗಳ ಪ್ರಕಾರ ಪ್ರಯೋಗಶಾಲೆಗಳು ನೋಂದಾಯಿಸಿಕೊಳ್ಳಬೇಕು; ಪ್ರತಿ ಸಂಸ್ಥೆಯಲ್ಲಿಯೂ ನೀತಿಸಮಿತಿಯಿರಬೇಕು; ದೊಡ್ಡ ಪ್ರಾಣಿಗಳಿಗೆ ಕೇಂದ್ರದ ಸಮಿತಿಯ ಒಪ್ಪಿಗೆಯೂ ಬೇಕು.

ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಎಂಬವರು ೧೯೫೯ರಲ್ಲಿಯೇ ಹೇಳಿದ ಮೂರು ಸೂತ್ರಗಳೂ ಇದೇ ದಾರಿಯವು: ಪ್ರಾಣಿಯ ಬದಲು ಬೇರೆ ಉಪಾಯ, ಪ್ರಾಣಿಗಳ ಸಂಖ್ಯೆಯಲ್ಲಿ ಕಡಿತ, ನೋವಿನಲ್ಲಿ ಇಳಿತ. ಲೇಪ ಎಷ್ಟು ಉದುರುತ್ತದೆಂಬುದನ್ನು ಈಗ ಸಿಲಿಕೋನಿನ ಕೃತಕ ಧಮನಿಯಲ್ಲಿ ನೋಡಬಹುದು; ಗೋಡೆಗೆ ಎಷ್ಟು ಅಂಟುತ್ತದೆಂಬುದನ್ನು ಕಸಾಯಿಖಾನೆಯಿಂದ ತಂದ ಧಮನಿಯ ತುಂಡಿನಲ್ಲಿ ಪರೀಕ್ಷಿಸಬಹುದು. ೨೦೨೩ರ ಮಾರ್ಚಿಯಲ್ಲಿ ನಮ್ಮ ದೇಶದ ಹೊಸ ಔಷಧಗಳ ನಿಯಮಗಳಿಗೆ ತಿದ್ದುಪಡಿಯಾಗಿ, ಪ್ರಾಣಿಗಳಿಲ್ಲದ ಪರೀಕ್ಷಾ ವಿಧಾನಗಳಿಗೂ ಮನ್ನಣೆ ದೊರೆಯಿತು. ಆದರೂ ಗಾಯ ಮಾಯುವುದೆಂಬುದು ಇಡೀ ದೇಹದ ಕೆಲಸ. ಅದನ್ನು ಪೂರ್ತಿಯಾಗಿ ತೋರಿಸುವ ಯಂತ್ರ ಇನ್ನೂ ಬಂದಿಲ್ಲ. ಆ ಕಡೆಯ ಮೆಟ್ಟಿಲಿನಲ್ಲಿ ಮಾತ್ರ ಪ್ರಾಣಿ ನಿಲ್ಲಬೇಕು. ಮೊದಲ ಮೆಟ್ಟಿಲಿನಲ್ಲಿ ಅಲ್ಲ.

೮. ಕೊನೆಯ ಮಾತು

ಈಗ ಆಸ್ಪತ್ರೆಯ ಬೆಂಚಿಗೆ ಹಿಂದಿರುಗೋಣ. ವೈದ್ಯರು ಕೇಳಿದಾಗ ನಾವೂ ಮೂರು ಮಾತು ಕೇಳಬಹುದು. "ಡಾಕ್ಟರೇ, ಕಿರಿದಾಗಿರುವುದು ಹಳೆಯ ಸ್ಟೆಂಟಿನೊಳಗೋ, ಹೊಸ ಜಾಗದಲ್ಲೋ, ಸಣ್ಣ ನಾಳವೋ ದೊಡ್ಡದೋ?" "ಬಲೂನಿನಲ್ಲಿರುವ ಔಷಧ ಯಾವುದು, ಇಂತಹ ಜಾಗಕ್ಕೆ ಅದನ್ನು ಮನುಷ್ಯರಲ್ಲಿ ಪರೀಕ್ಷಿಸಿ ನೋಡಿದ್ದಾರೆಯೆ?" "ರಕ್ತ ತೆಳುಮಾಡುವ ಮಾತ್ರೆಗಳನ್ನು ಎಷ್ಟು ತಿಂಗಳು ನುಂಗಬೇಕು?" ಒಳ್ಳೆಯ ವೈದ್ಯರು ಇದಕ್ಕೆ ಬೇಸರಪಡುವುದಿಲ್ಲ. ಆದರೆ ಎದೆ ಹಿಡಿದುಕೊಂಡು ಹೃದಯಾಘಾತವಾಗುತ್ತಿರುವ ಹೊತ್ತಿನಲ್ಲಿ ಈ ಚರ್ಚೆಗೆ ನಿಲ್ಲಬಾರದು. ಆಗ ಒಂದೊಂದು ನಿಮಿಷವೂ ಹೃದಯದ ಒಂದೊಂದು ಭಾಗಕ್ಕೆ ಸಮ.

ಬಲೂನಿನ ಒಂದು ನಿಮಿಷದ ಕೆಲಸದ ಹಿಂದೆ ನಾಯಿ, ಮೊಲ, ಹಂದಿಗಳ ಪ್ರಾಣವಿದೆ. ಆ ಪ್ರಾಣಿಗಳನ್ನು ಯಾರೂ ಒಪ್ಪಿಗೆ ಕೇಳಿರಲಿಲ್ಲ. ಅವುಗಳಿಂದ ದೊರೆತ ತಿಳಿವಳಿಕೆಯನ್ನು ಪೂರ್ತಿಯಾಗಿ ಪ್ರಕಟಿಸುವುದು, ಒಮ್ಮೆ ಗೊತ್ತಾದುದನ್ನು ಮತ್ತೆ ತಿಳಿಯಲೆಂದು ಇನ್ನೊಂದು ಪ್ರಾಣಿಯನ್ನು ಕೊಲ್ಲದಿರುವುದು, ಅವು ಹೇಳದೆ ಇದ್ದುದನ್ನು ಅವುಗಳ ಬಾಯಿಗೆ ತುರುಕದಿರುವುದು, ಇಷ್ಟು ನಮ್ಮ ಕಡೆಯ ಸಾಲ. ಹೊಗೆಬತ್ತಿಯನ್ನು ಬಿಟ್ಟು, ದಿನವೂ ನಡೆದು, ಸಕ್ಕರೆಯನ್ನೂ ರಕ್ತದೊತ್ತಡವನ್ನೂ ಹತೋಟಿಯಲ್ಲಿಟ್ಟುಕೊಂಡು, ಬಲೂನಿನ ಅಗತ್ಯವೇ ಬಾರದಂತೆ ಬಾಳುವವರು ಆ ಸಾಲದಲ್ಲಿ ತಮ್ಮ ಪಾಲನ್ನು ಮುಂಗಡವಾಗಿಯೇ ತೀರಿಸಿದಂತೆ.